ಸಿಒ-ಪಿಒ ಅಟೇನ್‌ಮೆಂಟ್ ಶೀಟು: ವಿಭಾಗದ ಆಫೀಸಿನವರ ಪಾಲು ಎಷ್ಟು?

ಮೂರನೇ ಟೇಬಲ್ (ಪ್ರಶ್ನೆ ಕೇಳಿದವರ ಅಡ್ಡಹೆಸರು)

ವಿಟಿಯು (ತಾಂತ್ರಿಕ ವಿಶ್ವವಿದ್ಯಾಲಯ) ಸಂಯೋಜಿತ ಇಂಜಿನಿಯರಿಂಗ್ ಕಾಲೇಜು, ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಟಿಯರ್-2 ಅರ್ಜಿಗೆ ತಯಾರಿ ನಡೆದಿದೆ. ಅಟೇನ್‌ಮೆಂಟ್ ಶೀಟುಗಳನ್ನು (ಒಂದು ಕೋರ್ಸಿನ ಕಲಿಕಾ ಫಲ ಅಂದರೆ ಸಿಒ, ಇಡೀ ಪದವಿಯ ಕಲಿಕಾ ಫಲ ಅಂದರೆ ಪಿಒ, ಇವು ಎಷ್ಟು ಸಾಧನೆಯಾದವು ಅನ್ನೋ ಲೆಕ್ಕ) ಒಟ್ಟು ಮಾಡುವುದು ವಿಭಾಗದ ಆಫೀಸಿನ ಪಾಲಿಗೆ. ಮೂರು ಗೊಂದಲ:

ಇಂಟರ್ನಲ್ಸ್‌ನಲ್ಲಿ ‘ಅಥವಾ’ ಪ್ರಶ್ನೆ ಇದ್ದಾಗ ಬರೆಯದವರಿಗೆ ಸೊನ್ನೆ ಹಾಕಬೇಕಾ, ಖಾಲಿ ಬಿಡಬೇಕಾ? ಎಸ್‌ಇಇಯಲ್ಲಿ (ಸೆಮಿಸ್ಟರ್ ಕೊನೆಯ ಪರೀಕ್ಷೆ) ಒಟ್ಟು ಅಂಕ ಮಾತ್ರ ಸಿಗುತ್ತೆ, ಅದನ್ನು ಐದು ಸಿಒಗೆ ಹಂಚೋದು ಹೇಗೆ? ಲೆವೆಲ್ (ಸಾಧನೆಗೆ ಕೊಡುವ 1ರಿಂದ 3ರ ಶ್ರೇಣಿ) ಕಡಿಮೆ ಬಂದರೆ ‘ಸ್ವಲ್ಪ ಸರಿ ಮಾಡಿ’ ಅಂತ ಫೈಲ್ ವಾಪಸ್ ಬರುತ್ತೆ, ಅದು ಯಾರ ಕೆಲಸ?

ಕಾಲಂ ಡಿ (ಉತ್ತರ ಕೊಟ್ಟವರು)

ಮೊದಲನೆಯದರಲ್ಲೇ ಅರ್ಧ ಕಾಲೇಜುಗಳು ಎಡವೋದು. 60 ಮಕ್ಕಳ ತರಗತಿ, 10 ಅಂಕದ ಪ್ರಶ್ನೆ, ಗುರಿ 6 ಅಂಕ ಅಂದುಕೊಳ್ಳಿ. 3ನೇ ಪ್ರಶ್ನೆ ಬರೆದವರು 45, ಅವರಲ್ಲಿ ಗುರಿ ಮುಟ್ಟಿದವರು 33. ಅಂದರೆ ಶೇ. 73. ನಿಮ್ಮಲ್ಲಿ 60, 70, 80ಕ್ಕೆ ಲೆವೆಲ್ 1, 2, 3 ಅಂತಿದ್ದರೆ ಇದು ಲೆವೆಲ್ 2. ಬರೆಯದ 15 ಜನಕ್ಕೆ ಸೊನ್ನೆ ತುಂಬಿದಿರೋ, 60ಕ್ಕೆ 33 ಆಗಿ ಶೇ. 55ಕ್ಕೆ ಇಳಿಯಿತು, ಲೆವೆಲ್ಲೇ ಇಲ್ಲ. ಪಾಠ ಅದೇ, ಮಕ್ಕಳು ಅವರೇ, ಕೆಟ್ಟಿದ್ದು ಟೈಪಿಂಗು.

ಆದ್ದರಿಂದ ಬರೆಯದಿದ್ದರೆ ಖಾಲಿ, ಬರೆದು ಏನೂ ಬರದಿದ್ದರೆ ಸೊನ್ನೆ, ಗೈರಾದರೆ ‘ಎಬಿ’. ಛೇದದಲ್ಲಿ ಎಕ್ಸೆಲ್‌ನ ‘ಕೌಂಟ್’ ಫಾರ್ಮುಲಾ ಹಾಕಿ, ‘ಕೌಂಟ್‌ಎ’ ಬೇಡ. ಅದು ‘ಎಬಿ’ಯನ್ನೂ ಎಣಿಸುತ್ತೆ, ಯಾರೋ ಸ್ಪೇಸ್‌ಬಾರ್ ಒತ್ತಿಬಿಟ್ಟ ಖಾಲಿ ಮನೆಯನ್ನೂ (ಸೆಲ್) ಎಣಿಸುತ್ತೆ.

ಇದಕ್ಕಿಂತ ಒಳ್ಳೆಯ ದಾರಿ: 3 ಮತ್ತು 4 ಒಂದೇ ಸಿಒಗೆ ಸೇರಿದ್ದರೆ ಎರಡನ್ನೂ ಒಂದೇ ಕಾಲಂ ಮಾಡಿ. 4 ಬರೆದ 15 ಜನರಲ್ಲಿ 9 ಮಂದಿ ಗುರಿ ಮುಟ್ಟಿದ್ದರೆ ಒಟ್ಟು 60ಕ್ಕೆ 42, ಶೇ. 70. ಆಯ್ಕೆಯ ಎರಡು ಪ್ರಶ್ನೆ ಬೇರೆ ಬೇರೆ ಸಿಒಗೆ ಹೋಗಿದ್ದರೆ ತಪ್ಪು ಪ್ರಶ್ನೆಪತ್ರಿಕೆಯದ್ದು. ಪ್ರಿಂಟಿಗೆ ಕೊಡುವ ಮುಂಚೆ ಪರಿಶೀಲನೆಯಲ್ಲೇ ಹಿಡೀಬೇಕು.

ಕೋರ್ಸ್‌ಫೈಲ್

ಎಸ್‌ಇಇ ಬಗ್ಗೆ: ಪ್ರಶ್ನೆವಾರು ಅಂಕ ಇಲ್ಲದಿದ್ದಾಗ ಹಂಚೋಕೆ ಹೋಗಬೇಡಿ. ಒಟ್ಟು ಅಂಕದ ಮೇಲೆ ಒಂದು ಲೆವೆಲ್ ತೆಗೆದು ಅದನ್ನೇ ಎಲ್ಲ ಸಿಒಗೂ ಇಡಿ, ಹಾಗೆ ಮಾಡಿದ್ದೇವೆ ಅಂತ ಶೀಟಿನಲ್ಲೇ ಬರೆಯಿರಿ. ಭೇಟಿಗೆ ಬಂದವರು ಇದನ್ನು ಒಪ್ಪುತ್ತಾರೆ. ಅಂದಾಜಿನಲ್ಲಿ ಹಂಚಿದ ಅಂಕವನ್ನು ‘ಎಲ್ಲಿಂದ ಬಂತು’ ಅಂತ ಕೇಳಿದರೆ ಉತ್ತರವಿರಲ್ಲ.

ಒಂದು ಸಿಒ ಪೂರ್ತಿ ನೋಡಿ. ಇಂಟರ್ನಲ್ ಲೆವೆಲ್ 3, ಎಸ್‌ಇಇ ಲೆವೆಲ್ 1, ತೂಕ 50:50 ಆದರೆ ನೇರ ಅಟೇನ್‌ಮೆಂಟ್ 2. ಅದರ ಶೇ. 80 ಅಂದರೆ 1.6. ಕೋರ್ಸ್ ಮುಗಿದಾಗಿನ ಸರ್ವೆ 2.5 ಇದ್ದರೆ ಶೇ. 20ಕ್ಕೆ 0.5. ಒಟ್ಟು 2.1. ಎಲ್ಲ ಸಿಒ ಸೇರಿದ ಸರಾಸರಿಯೂ 2.1 ಬಂದು, ಪಿಒ1ರ ಜೊತೆ ಮ್ಯಾಪಿಂಗ್ (ಸಿಒಗೂ ಪಿಒಗೂ ನಂಟು ಎಷ್ಟು ಗಟ್ಟಿ ಅನ್ನೋದು, 3ಕ್ಕೆ) ಸರಾಸರಿ 2.4 ಆದರೆ, 2.1 ಗುಣಿಸು 2.4 ಭಾಗಿಸು 3, ಅಂದರೆ 1.68. 80:20 ಎಂಬುದು ವಿಭಾಗದ ತೀರ್ಮಾನ. ಯಾವ ಸಭೆಯಲ್ಲಿ ಆಯಿತು ಅನ್ನೋ ನಡಾವಳಿ ಫೈಲಿನಲ್ಲಿರಲಿ.

ಮೂರನೆಯದಕ್ಕೆ ನೇರ ಉತ್ತರ: ನಿಮ್ಮದಲ್ಲ. ಅಂಕ, ಸಹಿ, ದಾಖಲೆ ನಿಮ್ಮವು. ಗುರಿ, ಲೆವೆಲ್, ಮ್ಯಾಪಿಂಗ್ ಮೇಷ್ಟ್ರುಗಳದ್ದು. ಫಾರ್ಮುಲಾ ಮನೆಗಳಿಗೆ ಪಾಸ್‌ವರ್ಡ್ ಹಾಕಿ, ಅಂಕ ತುಂಬುವ ಮನೆ ಮಾತ್ರ ತೆರೆದಿಡಿ. ಗುರಿ ಮುಟ್ಟದಿದ್ದರೆ ಕಾರಣ, ಮುಂದಿನ ಕ್ರಮ ಬರೆಯೋಕೆ ಜಾಗ ಇದ್ದೇ ಇದೆ. ಹೇಗೂ ಎಲ್ಲ ಕೋರ್ಸಿಗೂ 3 ಅಂತ ತೋರಿಸುವ ಶೀಟೇ ಮೊದಲು ಅನುಮಾನ ಹುಟ್ಟಿಸೋದು.

ಹಳೇ ಫೈಲು

ಇನ್ನೆರಡು ಸೇರಿಸ್ತೀನಿ.

ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ಕಾಲಂ: ಸೊನ್ನೆ ಬದಲು ಇಂಗ್ಲಿಷ್ ‘ಓ’ ಅಕ್ಷರ, ಕೊನೆಯಲ್ಲೊಂದು ಸ್ಪೇಸ್ ಇದ್ದರೆ ವಿಲುಕಪ್ (ಎಕ್ಸೆಲ್‌ನ ಹುಡುಕುವ ಫಾರ್ಮುಲಾ) ಆ ಹುಡುಗನನ್ನು ಹುಡುಕಲ್ಲ. ಯುಎಸ್‌ಎನ್‌ನ ಕೊನೇ ಮೂರು ಅಂಕಿ 400ರಿಂದ ಶುರುವಾಗುವ ಲ್ಯಾಟರಲ್ ಎಂಟ್ರಿ (ನೇರ ಎರಡನೇ ವರ್ಷಕ್ಕೆ ಸೇರಿದ) ಮಕ್ಕಳು ಮೂರನೇ ಸೆಮ್‌ಗೆ ಬಂದವರು, ಮೊದಲ ವರ್ಷದ ಕೋರ್ಸಿನಲ್ಲಿ ಅವರ ಸಾಲೇ ಇರಬಾರದು. ಸಾರ್ಟ್ ಮಾಡುವಾಗ ಇಡೀ ಟೇಬಲ್ ಆರಿಸಿಕೊಳ್ಳಿ. ಹೆಸರಿನ ಕಾಲಂ ಒಂದೇ ಸಾರ್ಟ್ ಆದರೆ ಒಬ್ಬರ ಅಂಕ ಇನ್ನೊಬ್ಬರಿಗೆ, ಮೊತ್ತ ಮಾತ್ರ ಸರಿಯಾಗೇ ಕಾಣುತ್ತೆ!

ಪಿಒ ಸಂಖ್ಯೆ: ಹಳೇ ನಮೂನೆಯಲ್ಲಿ 12, ಜಿಎಪಿಸಿ 4.0 (ಇಂಜಿನಿಯರಿಂಗ್ ಪದವೀಧರರ ಗುಣಗಳ ಅಂತರರಾಷ್ಟ್ರೀಯ ಪಟ್ಟಿ) ಆಧಾರದ ಹೊಸದರಲ್ಲಿ 11. ಸಮಾಜ (ಹಳೇ 6) ಮತ್ತು ಪರಿಸರ (ಹಳೇ 7) ಸೇರಿ ಹೊಸ ಪಿಒ6 ಆಗಿದೆ. ನೈತಿಕತೆ 8 ಇದ್ದದ್ದು 7. ಹಳೇ ಮ್ಯಾಪಿಂಗನ್ನು ಹಾಗೇ ಪೇಸ್ಟ್ ಮಾಡಿದರೆ 7ರಿಂದ ಮುಂದೆ ಎಲ್ಲ ಒಂದು ಮನೆ ಜಾರುತ್ತೆ.

ಮೂರನೇ ಟೇಬಲ್

ಧನ್ಯವಾದ. ಕೊನೇ ವರ್ಷದವರ ಎಕ್ಸಿಟ್ ಸರ್ವೆ ಯಾವಾಗ ತಗೊಳ್ಳೋದು? ಫಲಿತಾಂಶ ಬಂದ ಮೇಲೆ ಯಾರೂ ತುಂಬಲ್ಲ.

ಕೋರ್ಸ್‌ಫೈಲ್

ನೋ-ಡ್ಯೂಸ್ (ಬಾಕಿ ಇಲ್ಲ) ಫಾರಂಗೆ ಕಟ್ಟಿಬಿಡಿ: ವಿಭಾಗದ ಸಹಿಗೆ ಬಂದಾಗ ಅಲ್ಲೇ ಕ್ಯೂಆರ್ ಕೋಡ್. ಕಾಲೇಜಿನ ಇಮೇಲ್‌ನಿಂದ ಒಬ್ಬರಿಗೆ ಒಂದೇ ಉತ್ತರ. ಹಾಗೇ ಸ್ವಂತ ಇಮೇಲ್ ಕೂಡ ತಗೊಂಡಿಡಿ, ಕಾಲೇಜಿನ ಐಡಿ ಮುಚ್ಚಿದ ಮೇಲೆ ಅಲುಮ್ನಿ (ಹಳೇ ವಿದ್ಯಾರ್ಥಿಗಳ) ಸರ್ವೆಗೆ ಅದೊಂದೇ ದಾರಿ.