ಬಾಂಡ್ ಚಿತ್ರದಲ್ಲಿ ನೀರಿಗಿಳಿಯುವ ಆ ಪುಟ್ಟ ವಿಮಾನ ಯಾವುದು?

ಕಡಲಂಚು: 1974ರ ‘ದ ಮ್ಯಾನ್ ವಿತ್ ದ ಗೋಲ್ಡನ್ ಗನ್’ ಚಿತ್ರವನ್ನು ಮಗಳ ಜೊತೆ ನೋಡಿದೆ. ರೋಜರ್ ಮೂರ್ ಖಳನಾಯಕನ ದ್ವೀಪಕ್ಕೆ ಒಂದು ಗುಜ್ಜಾರಿ ವಿಮಾನದಲ್ಲಿ ಬಂದು ನೀರಿನ ಮೇಲೆ ಇಳಿಯುತ್ತಾನೆ. ಪ್ರೊಪೆಲ್ಲರ್ ಮೂತಿಯಲ್ಲಿಲ್ಲ, ಬೆನ್ನ ಮೇಲಿದೆ. ಅದು ನಿಜವಾದ ವಿಮಾನವೇ, ಚಿತ್ರಕ್ಕೆಂದು ಕಟ್ಟಿದ್ದೇ ಎಂದು ಮಗಳು ಕೇಳುತ್ತಿದ್ದಾಳೆ. ಬಲ್ಲವರು ತಿಳಿಸಿ.

ಹಳೆಯ ಫಿಟ್ಟರ್: ಅಪ್ಪಟ ವಿಮಾನವೇ. ಹೆಸರು ರಿಪಬ್ಲಿಕ್ ಸೀಬೀ. ವಿಮಾನ ರಿಪೇರಿಯಲ್ಲೇ ಆಯುಷ್ಯ ಕಳೆದ ನನಗೆ ಇದರ ಮೇಲೆ ವಿಶೇಷ ಮಮತೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ವಿನ್ಯಾಸಕ ಪರ್ಸಿವಲ್ ಸ್ಪೆನ್ಸರ್. ತಯಾರಿಸಿದ್ದು ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನ ರಿಪಬ್ಲಿಕ್ ಕಂಪನಿ. ಯುದ್ಧಕಾಲದಲ್ಲಿ ಥಂಡರ್‌ಬೋಲ್ಟ್ ಯುದ್ಧವಿಮಾನ ಕಟ್ಟಿದವರೇ. ಯುದ್ಧ ಮುಗಿದ ಮೇಲೆ ಊರಿಗೆ ಮರಳುವ ಪೈಲಟ್‌ಗಳೆಲ್ಲ ಸ್ವಂತ ವಿಮಾನ ಕೊಳ್ಳುತ್ತಾರೆಂಬ ನಂಬಿಕೆ ಆಗ ಅಮೆರಿಕದಲ್ಲಿ ಬಲವಾಗಿತ್ತು. ಅಂಥವರಿಗೆ ಇದು ಅಗ್ಗವಾಗಲೆಂದು ರೆಕ್ಕೆಯೊಳಗಿನ ಅಡ್ಡಪಟ್ಟಿಗಳನ್ನು ಕಡಿಮೆ ಮಾಡಿ, ಹೊರಗಿನ ತಗಡಿಗೇ ಏಣು ಒತ್ತಿ ಗಟ್ಟಿ ಮಾಡಿದರು. ಕೈಕೆಲಸ ಬಲ್ಲವನಿಗೆ ಆ ಉಪಾಯದ ಬೆಲೆ ಗೊತ್ತು.

ನಾಲ್ಕು ಆಸನ, 215 ಅಶ್ವಶಕ್ತಿಯ ಫ್ರಾಂಕ್ಲಿನ್ ಎಂಜಿನ್. ಮೂತಿಯ ಬಲಗಡೆ ಒಂದು ಬಾಗಿಲು. ಅದನ್ನು ತೆರೆದು ಕುಳಿತಲ್ಲಿಂದಲೇ ಗಾಳ ಹಾಕಬಹುದು, ದಡದ ಹಗ್ಗವನ್ನೂ ಹಿಡಿಯಬಹುದು. ಪ್ರೊಪೆಲ್ಲರಿನ ಅಲಗುಗಳ ಓರೆಯನ್ನು ಬದಲಿಸಿ ನೀರಿನಲ್ಲಿ ಹಿಂದಕ್ಕೂ ಚಲಿಸಬಹುದು. ಆದರೆ ಮೊದಲು 4,000 ಡಾಲರ್ ಒಳಗಿದ್ದ ಬೆಲೆ ಕೊನೆಗೆ 6,000ಕ್ಕೆ ಏರಿತು, ಕೊಳ್ಳುವವರೂ ಎಣಿಸಿದಷ್ಟು ಬರಲಿಲ್ಲ. 1947ರಲ್ಲೇ ಉತ್ಪಾದನೆ ನಿಂತಿತು. ಒಟ್ಟು 1,060 ವಿಮಾನಗಳು. ಇಷ್ಟು ಬುದ್ಧಿ ಬಳಸಿದ ಯಂತ್ರಕ್ಕೆ ಎರಡೇ ವರ್ಷದ ಬಾಳು ಎಂಬುದು ನನಗೆ ಇಂದಿಗೂ ಸಂಕಟ.

ದೂರದರ್ಶಕ: ಚಿತ್ರದಲ್ಲಿ ಖಳನಾಯಕನ ದ್ವೀಪವಾಗಿ ಕಾಣುವ ಬಂಡೆಗಳಿರುವುದು ಥಾಯ್ಲೆಂಡಿನ ಫಾಂಗ್ ಙಾ ಕೊಲ್ಲಿಯಲ್ಲಿ. ಖಾವೊ ಫಿಂಗ್ ಕಾನ್ ದ್ವೀಪವನ್ನು ಈಗ ಪ್ರವಾಸಿಗರು ಜೇಮ್ಸ್ ಬಾಂಡ್ ದ್ವೀಪ ಎಂದೇ ಕರೆಯುತ್ತಾರೆ. ಖಳನಾಯಕನಾದ ಕ್ರಿಸ್ಟೋಫರ್ ಲೀ ಸೂರ್ಯಶಕ್ತಿಯ ಅಸ್ತ್ರದಿಂದ ಆ ವಿಮಾನವನ್ನು ಸುಟ್ಟಾಗ ನನಗಂತೂ ಹೊಟ್ಟೆ ಉರಿಯಿತು!

ಕಡಲಂಚು: ತುಂಬಾ ಧನ್ಯವಾದ ಸರ್. ಇಂಥ ವಿಮಾನಕ್ಕೆ ಇನ್ನೂ ದೊಡ್ಡ ಪಾತ್ರವಿರುವ ಚಿತ್ರ ಯಾವುದಾದರೂ ಇದೆಯೇ?

ಹಳೆಯ ಫಿಟ್ಟರ್: 1971ರ ‘ಮರ್ಫೀಸ್ ವಾರ್’ ನೋಡಿ. ಅದರಲ್ಲಿರುವುದು ಗ್ರಮ್ಮನ್ ಡಕ್, ಎರಡು ಜೊತೆ ರೆಕ್ಕೆಯದು. ಚಕ್ರಗಳು ಹೊಟ್ಟೆಯ ಕೆಳಗಿನ ದೊಡ್ಡ ತೇಲುಬುಡದೊಳಗೆ ಮಡಚಿಕೊಳ್ಳುತ್ತವೆ. ಹಾರಲು ಬಾರದ ನಾವಿಕನಾಗಿ ಪೀಟರ್ ಓಟೂಲ್ ಅದನ್ನು ಒರಿನೋಕೊ ನದಿಯಿಂದ ಮೇಲೇರಿಸಲು ಹೆಣಗುವ ದೃಶ್ಯವಿದೆ. ನಿಜಕ್ಕೂ ಹಾರಿಸಿದ್ದು ಸಾಹಸ ಪೈಲಟ್ ಫ್ರಾಂಕ್ ಟಾಲ್‌ಮನ್. ಗೊತ್ತಿಲ್ಲದವನಂತೆ ಓಲಾಡಿಸುವುದಕ್ಕೆ ಎಷ್ಟು ಹಿಡಿತ ಬೇಕೆಂದು ಮಗಳಿಗೆ ಹೇಳಿ, ಆ ದೃಶ್ಯವನ್ನು ಎರಡು ಸಲ ತೋರಿಸಿ. ಅದೇ ವಿಮಾನ ಈಗ ಅಮೆರಿಕದ ಡೇಟನ್ ನಗರದ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿದೆ.