ಪರ್ಸ್ ಜೊತೆಗೆ ಕನ್ಸೀಲ್ಡ್ ಕ್ಯಾರಿ ಲೈಸೆನ್ಸ್ ಕಳವಾಗಿದೆ: ಫ್ಲೋರಿಡಾದಲ್ಲಿ ಬದಲಿ ಪಡೆಯುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಟ್ಯಾಂಪಾ ನಿವಾಸಿ, ಗ್ರೀನ್ ಕಾರ್ಡ್ ಇದೆ. ಕಳೆದ ಶನಿವಾರ ಕಾರಿನ ಗಾಜು ಒಡೆದು ನನ್ನ ಪರ್ಸ್ ಕದ್ದಿದ್ದಾರೆ. ಡ್ರೈವಿಂಗ್ ಲೈಸೆನ್ಸ್, ಗ್ರೀನ್ ಕಾರ್ಡ್, ಬ್ಯಾಂಕ್ ಕಾರ್ಡ್‌ಗಳ ಜೊತೆಗೆ, ಬಟ್ಟೆಯ ಮರೆಯಲ್ಲಿ ಪಿಸ್ತೂಲು ಒಯ್ಯಲು ರಾಜ್ಯ ಕೊಟ್ಟಿದ್ದ ಲೈಸೆನ್ಸೂ ಅದರಲ್ಲಿತ್ತು. ಪಿಸ್ತೂಲು ಮಾತ್ರ ಮನೆಯಲ್ಲೇ ಇದೆ. ಬ್ಯಾಂಕ್ ಕಾರ್ಡ್‌ಗಳನ್ನು ಅಂದೇ ನಿಲ್ಲಿಸಿ, ಪೊಲೀಸರಿಗೆ ದೂರು ಕೊಟ್ಟು ಕೇಸ್ ನಂಬರ್ ಪಡೆದಿದ್ದೇನೆ.

2023ರ ಜುಲೈ 1ರಿಂದ ಇಲ್ಲಿ ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಒಯ್ಯಬಹುದಾದ್ದರಿಂದ ಬದಲಿ ಕಾರ್ಡಿಗಾಗಿ ಓಡಾಡುವ ಅಗತ್ಯವೇ ಇಲ್ಲವೆಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಕಾರ್ಡಿನ ಫೋಟೊ ಮೊಬೈಲಿನಲ್ಲಿದೆ. ಅಷ್ಟು ಸಾಕೇ, ಅಥವಾ ಬದಲಿ ಕಾರ್ಡನ್ನು ಪಡೆಯಲೇಬೇಕೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಬದಲಿ ಕಾರ್ಡ್ ಪಡೆಯಿರಿ ಎಂಬುದೇ ನನ್ನ ಖಚಿತ ಸಲಹೆ. ಫ್ಲೋರಿಡಾ ಕಾನೂನಿನ 790.06ನೆಯ ಕಲಮಿನ ಪ್ರಕಾರ, ಕಳೆದುಹೋದ ಲೈಸೆನ್ಸ್ ತಾನಾಗಿಯೇ ಅಸಿಂಧುವಾಗುತ್ತದೆ. ಹಾಗಾಗಿ ಮೊಬೈಲಿನಲ್ಲಿರುವ ಫೋಟೊ ಲೈಸೆನ್ಸ್ ನಂಬರ್ ನೋಡಿಕೊಳ್ಳಲು ಉಪಯೋಗವೇ ಹೊರತು, ಅದನ್ನು ನಂಬಿ ಪಿಸ್ತೂಲು ಒಯ್ಯಬಾರದು. ಲೈಸೆನ್ಸ್ ಕಳೆದ 30 ದಿನಗಳೊಳಗೆ ಅದನ್ನು ಕೊಟ್ಟ ಇಲಾಖೆಗೆ ತಿಳಿಸದಿದ್ದರೆ 25 ಡಾಲರ್ ದಂಡವಿದೆ. ಈ ಲೈಸೆನ್ಸ್ ಕೊಡುವುದು ಪೊಲೀಸ್ ಇಲಾಖೆಯಲ್ಲ, ರಾಜ್ಯದ ಕೃಷಿ ಮತ್ತು ಗ್ರಾಹಕ ಸೇವೆಗಳ ಇಲಾಖೆ. ಹೊಸಬರು ಇಲ್ಲೇ ಎಡವುತ್ತಾರೆ. ನೀವು ಪೊಲೀಸರಿಗೆ ಕೊಟ್ಟ ದೂರು ತಾನಾಗಿಯೇ ಆ ಇಲಾಖೆಗೆ ತಲುಪುತ್ತದೆಂದು ಭಾವಿಸಬೇಡಿ. ಲೈಸೆನ್ಸ್ ಕಳೆದಿದೆಯೆಂದು ನೋಟರಿಯ ಮುಂದೆ ಸಹಿ ಮಾಡಿದ ಹೇಳಿಕೆಯನ್ನೂ 15 ಡಾಲರ್ ಶುಲ್ಕವನ್ನೂ ಸಲ್ಲಿಸಿದರೆ ಬದಲಿ ಲೈಸೆನ್ಸ್ ಸಿಗುತ್ತದೆ.

ನಿಮ್ಮ ಸ್ನೇಹಿತರ ಮಾತು ಅರ್ಧ ಮಾತ್ರ ನಿಜ. ಲೈಸೆನ್ಸ್ ಇಲ್ಲದೆ ಒಯ್ಯುವವರು ಕೂಡ ಸಿಂಧುವಾದ ಗುರುತಿನ ಚೀಟಿಯನ್ನು ಜೊತೆಗಿಟ್ಟುಕೊಂಡಿರಬೇಕು. ನಿಮ್ಮ ಡ್ರೈವಿಂಗ್ ಲೈಸೆನ್ಸೇ ಕಳವಾಗಿದೆ. ಅದಕ್ಕಿಂತ ಗಂಭೀರವಾದದ್ದು 1990ರ ಫೆಡರಲ್ ಶಾಲಾ ವಲಯ ಕಾನೂನು. ಶಾಲೆಯ ಆವರಣದಿಂದ 1,000 ಅಡಿಯೊಳಗೆ ಬಂದೂಕು ಒಯ್ಯುವುದನ್ನು ಅದು ನಿಷೇಧಿಸುತ್ತದೆ; ಆ ಶಾಲೆಯಿರುವ ರಾಜ್ಯವೇ ಕೊಟ್ಟ ಲೈಸೆನ್ಸ್ ಇರುವವರಿಗೆ ವಿನಾಯಿತಿಯಿದೆ, ಆದರೆ ಲೈಸೆನ್ಸ್ ಬೇಕಿಲ್ಲವೆಂಬ ರಾಜ್ಯದ ನಿಯಮವನ್ನಷ್ಟೇ ನೆಚ್ಚಿಕೊಂಡವರಿಗೆ ಆ ವಿನಾಯಿತಿ ಇಲ್ಲ. ಊರೊಳಗೆ ಕಾರು ಓಡಿಸುವಾಗ ಯಾವ ಶಾಲೆಯ 1,000 ಅಡಿಯನ್ನೂ ದಾಟದೆ ಹೋಗುವುದು ಸಾಧ್ಯವೇ, ನೀವೇ ಯೋಚಿಸಿ. ಬದಲಿ ಕಾರ್ಡ್ ಕೈಸೇರುವವರೆಗೆ ಪಿಸ್ತೂಲನ್ನು ಮನೆಯಲ್ಲೇ ಇಡಿ. ಹೊಸ ಪಿಸ್ತೂಲು ಕೊಳ್ಳುವಾಗ ಮೂರು ದಿನ ಕಾಯುವ ನಿಯಮದಿಂದ ಲೈಸೆನ್ಸ್ ಇರುವವರಿಗೆ ಸಿಗುವ ವಿನಾಯಿತಿಯೂ ಬೇರೆ ಇದೆ.

ಉತ್ತರ 2

ಮೇಲಿನವರು ಹೇಳಿದ ನೋಟರಿಯ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಇದೇ ಸ್ಥಿತಿಯಲ್ಲಿ ನಾನು ಎರಡು ಕಡೆ ಬರಿಗೈಯಲ್ಲಿ ವಾಪಸಾಗಿದ್ದೆ. ನೋಟರಿ ಮೊದಲು ಕೇಳುವುದೇ ಗುರುತಿನ ಚೀಟಿಯನ್ನು, ಅದೇ ಕಳವಾಗಿರುತ್ತದೆ. ಫ್ಲೋರಿಡಾದ ನೋಟರಿ ಕಾನೂನಿನಲ್ಲಿ ಇದಕ್ಕೆ ದಾರಿಯಿದೆ: ವಲಸೆ ಇಲಾಖೆಯ ಮುದ್ರೆ ಬಿದ್ದಿರುವ ವಿದೇಶಿ ಪಾಸ್‌ಪೋರ್ಟನ್ನು ಅವರು ಒಪ್ಪಬಹುದು. ಅದೂ ಇಲ್ಲದಿದ್ದರೆ, ನಿಮ್ಮನ್ನೂ ನೋಟರಿಯನ್ನೂ ಬಲ್ಲ ಒಬ್ಬ ಸಾಕ್ಷಿ, ಅಥವಾ ನಿಮ್ಮನ್ನು ಬಲ್ಲ ಇಬ್ಬರು ಸಾಕ್ಷಿಗಳು ಪ್ರಮಾಣ ಮಾಡಿ ಹೇಳಿದರೂ ನಡೆಯುತ್ತದೆ. ನನ್ನ ವಿಷಯದಲ್ಲಿ ಪಕ್ಕದ ಮನೆಯ ದಂಪತಿ ಬಂದು ನೆರವಾದರು, ಆ ಉಪಕಾರವನ್ನು ನಾನು ಮರೆಯಲಾರೆ.

18 ವರ್ಷ ದಾಟಿದ ಖಾಯಂ ನಿವಾಸಿಗಳು ಗ್ರೀನ್ ಕಾರ್ಡನ್ನು ಸದಾ ಬಳಿಯಲ್ಲಿಟ್ಟುಕೊಂಡಿರಬೇಕೆಂಬುದು ಫೆಡರಲ್ ನಿಯಮ. ಆದ್ದರಿಂದ ಬದಲಿ ಗ್ರೀನ್ ಕಾರ್ಡಿಗಾಗಿ ಇರುವ ಐ-90 ಅರ್ಜಿಯನ್ನೂ ತಡಮಾಡದೆ ಸಲ್ಲಿಸಿ.

ಉತ್ತರ 3

ಕಾಗದಪತ್ರಗಳ ವಿಷಯ ಚೆನ್ನಾಗಿ ಬಂದಿದೆ, ಆದರೆ ನನ್ನನ್ನು ಹೆಚ್ಚು ಕಾಡುವುದು ನಿಮ್ಮ ಮನೆಯ ಚಿಂತೆ. ಡ್ರೈವಿಂಗ್ ಲೈಸೆನ್ಸಿನಲ್ಲಿ ಮನೆಯ ವಿಳಾಸವಿದೆ, ಅದರ ಪಕ್ಕದಲ್ಲೇ ಇದ್ದ ಇನ್ನೊಂದು ಕಾರ್ಡ್ ಆ ಮನೆಯಲ್ಲಿ ಪಿಸ್ತೂಲು ಇರಬಹುದೆಂದು ಕಳ್ಳನಿಗೆ ಹೇಳಿಕೊಡುತ್ತದೆ. ಪರ್ಸಿನ ಜೊತೆ ಬೀಗದ ಕೈಗಳೂ ಹೋಗಿದ್ದರೆ ಇವತ್ತೇ ಬೀಗ ಬದಲಿಸಿ. ಪಿಸ್ತೂಲು ಬೀರುವಿನಲ್ಲೋ ಹಾಸಿಗೆಯ ಪಕ್ಕದ ಡ್ರಾಯರಿನಲ್ಲೋ ಇದ್ದರೆ, ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿ ಬಿಗಿದ ಲಾಕರಿಗೆ ವರ್ಗಾಯಿಸಿ, ಸೀರಿಯಲ್ ನಂಬರನ್ನು ಬೇರೆಡೆ ಬರೆದಿಟ್ಟುಕೊಳ್ಳಿ. ಮನೆಯಲ್ಲಿ 16 ವರ್ಷದೊಳಗಿನ ಮಕ್ಕಳಿದ್ದರೆ, ಗುಂಡು ತುಂಬಿದ ಬಂದೂಕನ್ನು ಅವರ ಕೈಗೆ ಸಿಗದಂತೆ ಬೀಗ ಹಾಕಿಡುವುದು ಫ್ಲೋರಿಡಾದಲ್ಲಿ ಕಾನೂನಿನ ಕಟ್ಟಳೆಯೂ ಹೌದು. ನಿಮ್ಮ ಹೆಸರಿನಲ್ಲಿ ಬೇರೆಯವರು ಸಾಲ ಪಡೆಯದಂತೆ, ಸಾಲದ ದಾಖಲೆ ಇಡುವ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಟ್ರಾನ್ಸ್‌ಯೂನಿಯನ್ ಕಂಪನಿಗಳು ಮೂರರಲ್ಲೂ ಕ್ರೆಡಿಟ್ ಫ್ರೀಜ್ (ಆ ದಾಖಲೆಗೆ ತಡೆ) ಮಾಡಿಸಿ. 2018ರಿಂದ ಅದಕ್ಕೆ ಶುಲ್ಕವಿಲ್ಲ.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಶಾಲಾ ವಲಯದ ನಿಯಮ ನನಗೆ ಗೊತ್ತೇ ಇರಲಿಲ್ಲ. ಮಗಳನ್ನು ದಿನವೂ ಶಾಲೆಗೆ ಬಿಡುವವನು ನಾನೇ. ಬೀಗದ ಕೈ ನನ್ನ ಜೇಬಿನಲ್ಲಿದ್ದುದರಿಂದ ಉಳಿದಿದೆ. ಮುದ್ರೆಯಿರುವ ಭಾರತೀಯ ಪಾಸ್‌ಪೋರ್ಟ್ ಮನೆಯಲ್ಲೇ ಇದೆ, ಅದನ್ನು ತೆಗೆದುಕೊಂಡು ನಾಳೆ ಬೆಳಿಗ್ಗೆ ನೋಟರಿಯ ಬಳಿಗೆ ಹೋಗುತ್ತೇನೆ. ಪಿಸ್ತೂಲನ್ನು ಈಗಷ್ಟೇ ಡ್ರಾಯರಿನಿಂದ ಲಾಕರಿಗೆ ಸೇರಿಸಿದೆ.