ದೇವಿಕಾ ರಾಣಿ ಬಗ್ಗೆ ಕೇಳಿದಿರಲ್ಲ, ಇಗೋ ಕೇಳಿ

ಎಲ್ಲರಿಗೂ ನಮಸ್ಕಾರ. ಇದು ಟೈಪ್ ಮಾಡಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದವಾಗುತ್ತೆ, ಈಗಲೇ ಹೇಳಿಬಿಟ್ಟೆ. ಅಡುಗೆ ಮಾಡುತ್ತಾ ಕೇಳಿಸಿಕೊಳ್ಳಿ.

ಪುಟ್ಟಿ ಬೆಳಿಗ್ಗೆ ಗ್ರೂಪಿನಲ್ಲಿ ಹಿಂದಿ ಸಿನಿಮಾದ ಆ ಕಾಲದ ನಟಿ ದೇವಿಕಾ ರಾಣಿಯ ಹಳೇ ಫೋಟೋ ಹಾಕಿದ್ದಳಲ್ಲ. ಕೆಳಗೆ ‘ಭಾರತೀಯ ಸಿನಿಮಾದ ಮೊದಲ ಮುತ್ತು, ನಾಲ್ಕು ನಿಮಿಷ’ ಅಂತ ಇತ್ತು. ಅದಕ್ಕೆ ಭಾವ ಕೇಳಿದರು, ‘ಇವರೇನಾ ನಮ್ಮ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನವರು?’ ಅಂತ. ಹೌದು ಭಾವ, ಅವರೇ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಆ ಮುತ್ತಿನ ಸಮಾಚಾರ ಮುಗಿಸಿಬಿಡೋಣ.

ಸಿನಿಮಾ ಹೆಸರು ‘ಕರ್ಮ’, 1933ರದು. ಹೀರೋ ಬೇರೆ ಯಾರೂ ಅಲ್ಲ, ಅವರ ಗಂಡ ಹಿಮಾಂಶು ರಾಯ್. ರಾಜಕುಮಾರನಿಗೆ ಹಾವು ಕಚ್ಚಿ ಪ್ರಜ್ಞೆ ತಪ್ಪಿ ಬಿದ್ದಿರುತ್ತಾನೆ, ಇವಳು ಅವನ ಮೇಲೆ ಬಾಗಿ ಅಳುತ್ತಾ ಮುತ್ತು ಕೊಡುತ್ತಾಳೆ. ಅಷ್ಟೇ. ಇಡೀ ಸಿನಿಮಾವೇ ಒಂದು ಗಂಟೆ ಚಿಲ್ಲರೆ, ಅದರಲ್ಲಿ ನಾಲ್ಕು ನಿಮಿಷ ಮುತ್ತು ಕೊಟ್ಟುಕೊಂಡು ಕೂತರೆ ಕತೆ ನಡೆಯೋದು ಯಾವಾಗ? ಮೊದಲನೆಯದೂ ಅಲ್ಲ. ಮೂಕಿ ಚಿತ್ರಗಳಲ್ಲೇ ಇದು ಬಂದಾಗಿತ್ತು. ಇದೇ ರಾಯ್ ಅವರ 1929ರ ‘ಪ್ರಪಂಚ ಪಾಶ್’ನಲ್ಲೂ ಮುತ್ತಿನ ದೃಶ್ಯ ಇದೆ. ನನಗೆ ಸಿಟ್ಟು ಬರೋದು ಯಾಕೆ ಅಂದರೆ, ಒಂದು ದೊಡ್ಡ ಸ್ಟುಡಿಯೋವನ್ನೇ ನಡೆಸಿದ ಹೆಂಗಸು ಇವರು. ಆ ಮಾತು ಯಾರೂ ಫಾರ್ವರ್ಡ್ ಮಾಡೋದಿಲ್ಲ.

ಹುಟ್ಟಿದ್ದು 1908ರಲ್ಲಿ, ವಾಲ್ಟೇರ್‌ನಲ್ಲಿ, ಈಗಿನ ವಿಶಾಖಪಟ್ಟಣ. ಬಂಗಾಳಿ ಮನೆತನ, ರವೀಂದ್ರನಾಥ ಟಾಗೋರರಿಗೆ ಸಂಬಂಧ. ಅಪ್ಪ ಮದ್ರಾಸ್ ಪ್ರಾಂತ್ಯದ ಮೊದಲ ಭಾರತೀಯ ಸರ್ಜನ್ ಜನರಲ್. ಚಿಕ್ಕವಳಿದ್ದಾಗಲೇ ಇಂಗ್ಲೆಂಡಿನ ಶಾಲೆಗೆ ಕಳಿಸಿದರು. ಅಲ್ಲೇ ನಾಟಕ, ಸಂಗೀತ ಕಲಿತರು, ಬಟ್ಟೆ ವಿನ್ಯಾಸದ ಕೆಲಸ ಮಾಡಿದರು. 1928ರಲ್ಲಿ ರಾಯ್ ಪರಿಚಯ, ಮರುವರ್ಷ ಮದುವೆ. ಆಮೇಲೆ ಇಬ್ಬರೂ ಬರ್ಲಿನ್ನಿನ ಉಫಾ ಸ್ಟುಡಿಯೋಗೆ ಹೋದರು. ಕ್ಯಾಮೆರಾ, ಮೇಕಪ್, ಸೆಟ್ಟು ಎಲ್ಲಾ ಕಣ್ಣಾರೆ ನೋಡಿ ಕಲಿತದ್ದು ಅಲ್ಲಿ. ‘ಕರ್ಮ’ಕ್ಕೆ ಲಂಡನ್ನಿನ ಪತ್ರಿಕೆಗಳು ಹೊಗಳಿದ್ದೇ ಹೊಗಳಿದ್ದು, ಇವರ ಚೆಲುವಿಗೆ, ಇಂಗ್ಲಿಷಿಗೆ. ಇಲ್ಲಿ ಹಿಂದಿಯಲ್ಲಿ ಬಂದಾಗ ಓಡಲಿಲ್ಲ ಬಿಡಿ.

1934ರಲ್ಲಿ ಗಂಡ ಹೆಂಡತಿ ಸೇರಿ ಮುಂಬೈಯ ಮಲಾಡ್‌ನಲ್ಲಿ ಬಾಂಬೆ ಟಾಕೀಸ್ ಕಟ್ಟಿದರು. ಒಬ್ಬ ಸಾಹುಕಾರನ ದುಡ್ಡಿನ ಅಂಗಡಿ ಅಲ್ಲ, ಷೇರುದಾರರಿದ್ದ ಸರಿಯಾದ ಕಂಪನಿ. ನಿರ್ದೇಶಕ ಫ್ರಾಂಜ್ ಓಸ್ಟನ್, ಕ್ಯಾಮೆರಾ ಜೋಸೆಫ್ ವಿರ್ಶಿಂಗ್, ಇಬ್ಬರೂ ಜರ್ಮನಿಯವರು. ಓಸ್ಟನ್‌ಗೆ ಹಿಂದಿ ಬರುತ್ತಿರಲಿಲ್ಲ, ಆದರೂ ಸಾಲು ಸಾಲಾಗಿ ಹಿಂದಿ ಸಿನಿಮಾ ಮಾಡಿದ! ಸಂಗೀತಕ್ಕೆ ಸರಸ್ವತಿ ದೇವಿ. ಅವರ ನಿಜ ಹೆಸರು ಖುರ್ಷಿದ್ ಹೋಮ್‌ಜಿ, ಪಾರ್ಸಿ ಹೆಣ್ಣುಮಗಳು. ಸಿನಿಮಾಗೆ ಸೇರಿದಳು ಅಂತ ಅವರ ಸಮಾಜದವರು ದೊಡ್ಡ ಗಲಾಟೆ ಎಬ್ಬಿಸಿದ್ದರಿಂದ ಹೆಸರು ಬದಲಾಯಿಸಿದ್ದು. ಆ ಕಾಲದಲ್ಲಿ ಒಂದೇ ಸ್ಟುಡಿಯೋದಲ್ಲಿ ಇಂಥ ಇಬ್ಬರು ಹೆಂಗಸರು, ಯೋಚಿಸಿ.

ಈಗ ದೇವಿಕಾ ರಾಣಿ ಓಡಿಹೋದ ಕತೆ. ಅತ್ತಿಗೆ ನಗುವ ಇಮೋಜಿ ಹಾಕಿದ್ದು ಇದಕ್ಕೇ ಅಲ್ವಾ? ಹೌದು, ಹೋಗಿದ್ದರು. ‘ಜವಾನಿ ಕೀ ಹವಾ’ದ ಹೀರೋ ನಜ್ಮುಲ್ ಹಸನ್ ಜೊತೆ, ‘ಜೀವನ್ ನೈಯಾ’ ಶೂಟಿಂಗ್ ನಡುವೆಯೇ, ಕಲ್ಕತ್ತಾಕ್ಕೆ. ಇತ್ತ ಅರ್ಧ ಆದ ಸಿನಿಮಾ, ಹಾಕಿದ ದುಡ್ಡು, ಸಾಲ, ಜೊತೆಗೆ ಮರ್ಯಾದೆ ಪ್ರಶ್ನೆ. ಸ್ಟುಡಿಯೋದಲ್ಲಿ ಧ್ವನಿ ವಿಭಾಗದಲ್ಲಿದ್ದ ಶಶಧರ ಮುಖರ್ಜಿ ನಡುವೆ ನಿಂತು ಮಾತಾಡಿ ಇವರನ್ನು ವಾಪಸ್ ಕರೆತಂದರು. ಹಿಂದೂ ಮದುವೆಗೆ ಆಗ ವಿಚ್ಛೇದನದ ದಾರಿ ಎಲ್ಲಿತ್ತು? ಆದರೆ ಇವರು ತಲೆ ತಗ್ಗಿಸಿಕೊಂಡು ಬರಲಿಲ್ಲ. ನನ್ನ ಹಣ ಬೇರೆ, ನಿನ್ನ ಹಣ ಬೇರೆ. ಸಿನಿಮಾದಲ್ಲಿ ನಟಿಸಿದರೆ ಸಂಬಳ ಕೊಡಬೇಕು. ಮನೆ ಖರ್ಚು ನಿನ್ನದೇ. ಹೀಗೆ ಷರತ್ತು ಹಾಕಿದರು, ರಾಯ್ ಒಪ್ಪಿದರು ಅಂತ ಆ ಕಾಲದ ಬಗ್ಗೆ ಬರೆದವರು ಹೇಳುತ್ತಾರೆ. ಅದನ್ನು ಓದಿದಾಗಿನಿಂದ ನನಗೆ ಇವರ ಮೇಲೆ ಗೌರವ ಇನ್ನೂ ಜಾಸ್ತಿಯಾಯಿತು. ಯಾರು ಏನಾದರೂ ಅಂದುಕೊಳ್ಳಲಿ.

ಪೆಟ್ಟು ಬಿದ್ದದ್ದು ನಜ್ಮುಲ್ ಹಸನ್‌ಗೆ, ಕೆಲಸ ಹೋಯಿತು. ಅವನ ಜಾಗಕ್ಕೆ ಬಂದವರು ಯಾರು ಗೊತ್ತಾ? ಲ್ಯಾಬ್‌ನಲ್ಲಿ ಫಿಲಂ ಕೆಲಸ ಮಾಡಿಕೊಂಡಿದ್ದ ಹುಡುಗ, ಮುಖರ್ಜಿಯ ಭಾವಮೈದ ಕುಮುದಲಾಲ್ ಗಂಗೂಲಿ. ನಟನೆ ಬೇಡವೇ ಬೇಡ ಅಂತ ಹಿಂಜರಿಯುತ್ತಿದ್ದವನನ್ನು ತಂದು ನಿಲ್ಲಿಸಿದರು. ಅವರೇ ಅಶೋಕ್ ಕುಮಾರ್.

‘ಜೀವನ್ ನೈಯಾ’ ಬಂದ 1936ರಲ್ಲೇ ಅದೇ ಜೋಡಿಯ ‘ಅಛೂತ್ ಕನ್ಯಾ’ ಬಂತು. ಬ್ರಾಹ್ಮಣರ ಹುಡುಗ, ರೈಲ್ವೆ ಗೇಟ್ ಕಾಯುವ ದಲಿತನ ಮಗಳು, ಅವರ ಪ್ರೀತಿ. ಹಿನ್ನೆಲೆ ಗಾಯನ ಇನ್ನೂ ರೂಢಿಯಾಗಿರಲಿಲ್ಲ, ಇಬ್ಬರೂ ತಾವೇ ಹಾಡಿದ್ದಾರೆ. ನೆಹರೂ, ಸರೋಜಿನಿ ನಾಯ್ಡು ಬಂದು ನೋಡಿದ ಸಿನಿಮಾ. ನನ್ನ ಅಭಿಪ್ರಾಯ ಕೇಳಿದರೆ, ದೇವಿಕಾ ರಾಣಿ ಮಹಾ ನಟಿ ಏನಲ್ಲ. ಹಳ್ಳಿ ಹುಡುಗಿ ಕಸ್ತೂರಿ ಪಾತ್ರ, ನೋಡಿದರೆ ಹುಬ್ಬು ತೀಡಿಸಿಕೊಂಡಿದ್ದಾಳೆ! ಹಾಡುವ ದನಿಯೂ ತೆಳು. ಆದರೆ ಪರದೆಯ ಮೇಲೆ ಇವರು ಬಂದರೆ ಪಕ್ಕದಲ್ಲಿರುವವರು ಕಾಣೋದಿಲ್ಲ. ಪಾಪ, ಅಶೋಕ್ ಕುಮಾರ್ ಕೈಕಾಲು ಎಲ್ಲಿಡಬೇಕು ಅಂತ ಗೊತ್ತಾಗದೆ ನಿಂತಿರುತ್ತಾರೆ.

ಅಸಲು ಕತೆ ಇನ್ನು ಮುಂದೆ. 1939ರಲ್ಲಿ ಯುದ್ಧ ಶುರುವಾಯಿತು, ಬ್ರಿಟಿಷರು ಜರ್ಮನ್ನರನ್ನೆಲ್ಲಾ ಹಿಡಿದು ಶಿಬಿರಕ್ಕೆ ಹಾಕಿದರು. ಒಂದೇ ಏಟಿಗೆ ನಿರ್ದೇಶಕನೂ ಇಲ್ಲ, ಕ್ಯಾಮೆರಾದವನೂ ಇಲ್ಲ. ಮರುವರ್ಷ ಮೇ ತಿಂಗಳಲ್ಲಿ ರಾಯ್ ತೀರಿಕೊಂಡರು. ದೇವಿಕಾ ರಾಣಿಗೆ ಆಗ 32 ವರ್ಷ. ಮುಚ್ಚಿಬಿಡಬಹುದಿತ್ತು. ಮುಚ್ಚಲಿಲ್ಲ, ತಾವೇ ಕುರ್ಚಿಯಲ್ಲಿ ಕೂತು ಸ್ಟುಡಿಯೋ ನಡೆಸಿದರು. ಒಳಗೆ ಎರಡು ಬಣ. ಒಂದು ಕಡೆ ಇವರು ಮತ್ತು ನಿರ್ದೇಶಕ ಅಮಿಯ ಚಕ್ರವರ್ತಿ, ಇನ್ನೊಂದು ಕಡೆ ಮುಖರ್ಜಿ. ಅದೇ ಹೊತ್ತಿನಲ್ಲಿ, 1943ರಲ್ಲಿ, ‘ಕಿಸ್ಮತ್’ ಬಂದು ಕಲ್ಕತ್ತಾದ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಜಾಸ್ತಿ ಓಡಿತು. ಅದು ಮುಖರ್ಜಿ ಬಣದ ಸಿನಿಮಾ, ಅದರ ಹಿರಿಮೆ ಅವರಿಗೇ ಕೊಡಬೇಕು. ಆದರೆ ಆಮೇಲೆ ಮುಖರ್ಜಿ, ಅಶೋಕ್ ಕುಮಾರ್ ಇಬ್ಬರೂ ಹೊರಟುಹೋಗಿ ಫಿಲ್ಮಿಸ್ತಾನ್ ಅನ್ನುವ ಬೇರೆ ಸ್ಟುಡಿಯೋ ಕಟ್ಟಿದರು. ಇವರ ಕೈಯಲ್ಲಿ ಸ್ಟಾರೇ ಇಲ್ಲದ ಸ್ಟುಡಿಯೋ ಉಳಿಯಿತು.

ಆಗ ಇವರು ಆರಿಸಿಕೊಂಡ ಹುಡುಗನನ್ನು ನೋಡಿ. ಹಣ್ಣಿನ ವ್ಯಾಪಾರಿಯ ಮಗ ಯೂಸುಫ್ ಖಾನ್, ನಟನೆಯ ಗಂಧ ಗಾಳಿ ಇಲ್ಲ, ಕೆಲಸ ಕೇಳಿಕೊಂಡು ಬಂದಿದ್ದ. ಉರ್ದು ಬರುತ್ತಾ ಅಂತ ವಿಚಾರಿಸಿ, ತಿಂಗಳಿಗೆ 1250 ರೂಪಾಯಿ ಸಂಬಳಕ್ಕೆ ತೆಗೆದುಕೊಂಡರು. ಅಷ್ಟು ಹಣ ತಿಂಗಳಿಗೋ ವರ್ಷಕ್ಕೋ ಅಂತ ಆ ಮನೆಯಲ್ಲಿ ಅನುಮಾನ ಬಂದಿತ್ತಂತೆ. ಹೆಸರು ಬದಲಾಯಿಸೋಣ ಅಂದವರೂ ಇವರೇ. 1944ರ ‘ಜ್ವಾರ್ ಭಾಟಾ’ದಲ್ಲಿ ಆತ ದಿಲೀಪ್ ಕುಮಾರ್ ಆಗಿ ಬಂದ. ಆ ಸಿನಿಮಾ ಓಡಲಿಲ್ಲ, ಆದರೆ ಹುಡುಗನ ವಿಷಯದಲ್ಲಿ ಇವರ ಲೆಕ್ಕ ತಪ್ಪಲಿಲ್ಲ.

1945ರಲ್ಲಿ ಷೇರು ಮಾರಿ ಸಿನಿಮಾಕ್ಕೆ ಕೈಮುಗಿದರು. ಅದೇ ವರ್ಷ ರಷ್ಯಾದ ಚಿತ್ರಕಾರ ಸ್ವೆಟೊಸ್ಲಾವ್ ರೋರಿಕ್ ಜೊತೆ ಮದುವೆ. ಮೊದಲು ಕುಲು ಕಣಿವೆಯಲ್ಲಿದ್ದರು, ಆಮೇಲೆ ಬೆಂಗಳೂರು. ಭಾವ, ಇಲ್ಲಿಗೆ ಬಂತು ನಿಮ್ಮ ತಾತಗುಣಿ. 450 ಎಕರೆಗೂ ಜಾಸ್ತಿ ಜಾಗ. ಅಲ್ಲಿ ಬೆಳೆಸಿದ್ದು ಲಿನಾಲೋ ಅನ್ನುವ ಮರ, ಮೆಕ್ಸಿಕೋ ಕಡೆಯದು, ಅದರಿಂದ ಸುಗಂಧದ ಎಣ್ಣೆ ತೆಗೆಯುತ್ತಾರೆ. 1958ರಲ್ಲಿ ಪದ್ಮಶ್ರೀ ಬಂತು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಶುರು ಮಾಡಿದಾಗ, 1969ನೇ ಸಾಲಿಗೆ, ಮೊಟ್ಟಮೊದಲು ಕೊಟ್ಟದ್ದು ಇವರಿಗೇ. ಸಿನಿಮಾ ಬಿಟ್ಟು 20 ವರ್ಷ ದಾಟಿತ್ತು.

ರೋರಿಕ್ 1993ರ ಜನವರಿಯಲ್ಲಿ ಹೋದರು, ಇವರು 1994ರ ಮಾರ್ಚ್‌ನಲ್ಲಿ, ಇಬ್ಬರೂ ಬೆಂಗಳೂರಿನಲ್ಲೇ. ಮಕ್ಕಳಿರಲಿಲ್ಲ. ಆಸ್ತಿ ಅಂದಮೇಲೆ ತಗಾದೆ ಇಲ್ಲದಿರುತ್ತಾ? 1996ರಲ್ಲಿ ರಾಜ್ಯ ಸರ್ಕಾರ ಎಸ್ಟೇಟ್ ವಶಪಡಿಸಿಕೊಳ್ಳೋಕೆ ಅಂತಲೇ ಕಾನೂನು ಮಾಡಿತು, ಕೇಸು ಸುಪ್ರೀಂ ಕೋರ್ಟ್ ತನಕ ಹೋಗಿ 2011ರಲ್ಲಿ ಸರ್ಕಾರದ ಪರ ತೀರ್ಪು ಬಂತು. ರೋರಿಕ್ ಅವರ ಚಿತ್ರ ನೋಡಬೇಕು ಅಂದರೆ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗಿ, ಅವರದೇ ಗ್ಯಾಲರಿ ಇದೆ.

ಪುಟ್ಟಿ, ನೀನು ‘ಕರ್ಮ’ ಹುಡುಕೋಕೆ ಹೋಗಬೇಡ, ಮೊದಲು ‘ಅಛೂತ್ ಕನ್ಯಾ’ ನೋಡು. ಸೌಂಡು ಸ್ವಲ್ಪ ಗೊರಗೊರ ಅನ್ನುತ್ತೆ, ಹೆಡ್‌ಫೋನ್ ಹಾಕಿಕೋ. ಅತ್ತೆಗೂ ಒಂದು ಕೊಡು, ಅವರಿಗೆ ಅಶೋಕ್ ಕುಮಾರ್ ಅಂದರೆ ಪ್ರಾಣ. ಸರಿ, ಇಡುತ್ತೇನೆ.